ನಕ್ಷತ್ರಗಳ ಮರಣವೂ ನಮ್ಮ ಬಾಲಿಕೆಯರ ವಿದ್ಯೆಯೂ



“ಒಲೆಯ ಮುಂದೆ ಕೂಡ್ರುವ ಹುಡುಗಿಗೆ ನಕ್ಷತ್ರಗಳ ಪಾಠವೇಕೆ, ಅಕ್ಕೋರೇ?” ಎಂದು ಕೆಲವು ತಾಯಂದಿರು ಕೇಳುವದುಂಟು. ಆ ಒಲೆಯ ಮೇಲಿನ ಕಬ್ಬಿಣದ ಹಂಚೇ ಇದಕ್ಕೆ ಉತ್ತರ ಕೊಡಬಲ್ಲದು.

ಸೂರ್ಯನಿಗಿಂತ ಸುಮಾರು 8 ಪಟ್ಟಿಗೂ ಮಿಕ್ಕಿ ಭಾರವುಳ್ಳ ನಕ್ಷತ್ರವು ತನ್ನ ಗರ್ಭದಲ್ಲಿ ಜಲಜನಕದಿಂದ ಹೀಲಿಯಂ, ಅದರಿಂದ ಇಂಗಾಲ, ಆಮ್ಲಜನಕ, ಹೀಗೆ ಕ್ರಮವಾಗಿ ಕಬ್ಬಿಣದ ವರೆಗೆ ಧಾತುಗಳನ್ನು ನಿರ್ಮಿಸುವದು. ಕಬ್ಬಿಣವನ್ನು ಬೆಸೆದರೆ ಶಕ್ತಿಯು ದೊರೆಯದು. ಆಗ ತಿರುಳು ತನ್ನ ಭಾರದಿಂದಲೇ ಕ್ಷಣಮಾತ್ರದಲ್ಲಿ ಕುಸಿಯುವದು. ಹೊರಪದರುಗಳು ಸಿಡಿದು ಆಕಾಶದಲ್ಲಿ ಚೆದರುವವು. ಇದಕ್ಕೆ ಸೂಪರ್ನೋವಾ ಎಂದು ಹೆಸರು. ಸ್ಫೋಟದಲ್ಲಿ ಹುಟ್ಟಿದ ನಿಕಲ್ ಧಾತುವು ಕ್ರಮೇಣ ಕಬ್ಬಿಣವಾಗುವದು. ಗಲಗಲಿಯ ಕೃಷ್ಣಾತೀರದಲ್ಲಿ ಜೋಳ ಕೊಯ್ಯುವ ಕುಡುಗೋಲಿನ ಕಬ್ಬಿಣವೂ, ಅದನ್ನು ಹಿಡಿದ ಕೈಯ ನೆತ್ತರಿನ ಕಬ್ಬಿಣವೂ ನಕ್ಷತ್ರಸ್ಫೋಟಗಳಿಂದಲೇ ಬಂದವು.

ಇದು ಪರದೇಶದವರ, ಅದರಲ್ಲಿಯೂ ಗಂಡಸರ ವಿದ್ಯೆಯೆಂದು ಭಾವಿಸಬೇಡಿರಿ. 2023ನೆಯ ಇಸವಿಯ ಮೇ ತಿಂಗಳಲ್ಲಿ, ಬೆಳಕೇ 2 ಕೋಟಿ ವರ್ಷ ನಡೆದು ಬರುವಷ್ಟು ದೂರದಲ್ಲಿ ಸಿಡಿದ ನಕ್ಷತ್ರವೊಂದು ಕಾಣಿಸಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖದ ಹಾನ್ಲೆಯಲ್ಲಿರುವ ದೂರದರ್ಶಕದಿಂದ ಅದನ್ನು ಅಭ್ಯಸಿಸಿದರು. ಆ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಯಿಸುವರು. ಅದೇ ಸಂಸ್ಥೆಯಲ್ಲಿ ಇಂತಹ ಸ್ಫೋಟಗಳನ್ನು ಬಹುಕಾಲ ಅಭ್ಯಸಿಸಿದ ಜಿ. ಸಿ. ಅನುಪಮಾ ಅವರು ಭಾರತೀಯ ಖಗೋಳ ಪರಿಷತ್ತಿನ ಮೊದಲನೆಯ ಮಹಿಳಾ ಅಧ್ಯಕ್ಷರಾದರು.

ಆದುದರಿಂದ ನನ್ನ ಬಿನ್ನಹವಿಷ್ಟೇ: ಹತ್ತನೆಯ ಇಯತ್ತೆಯೊಂದಿಗೆ ಮಗಳ ಓದನ್ನು ನಿಲ್ಲಿಸಬೇಡಿರಿ; ಆಕೆ ವಿಜ್ಞಾನವನ್ನು ಬಯಸಿದರೆ ಅಡ್ಡಬಾರದಿರಿ. ಮದುವೆಯ ಮಾತು ಕೆಲವು ವರ್ಷ ತಡೆದೀತು, ಕಲಿಯುವ ವಯಸ್ಸು ತಡೆಯದು. ಪೂರ್ವವಿದ್ಯಾರ್ಥಿನಿಯರೇ, ಈಗ ನಿಮ್ಮಲ್ಲಿ ಅನೇಕರು ತಾಯಂದಿರಾಗಿರುವಿರಿ. ಈ ಮಾತನ್ನು ಮನೆಯ ಹಿರಿಯರ ಮುಂದೆ ನೀವೇ ಎತ್ತಿ ಹೇಳಿರಿ.