ಮಳೆಗಾಲದ ಹತ್ತರಿ, ಬೇಸಿಗೆಯ ಸಡಿಲ

ಆಷಾಢದ ಗಾಳಿ ಬೀಸತೊಡಗಿದೊಡನೆ ನಮ್ಮ ಊರುಗಳಲ್ಲಿ ಮನೆಮನೆಯ ಬಾಗಿಲುಗಳೂ ಸದ್ದುಮಾಡತೊಡಗುತ್ತವೆ. ಚಿಲಕ ಹಾಕಿದ್ದರೂ ಕದವು ಬಾಗಿಲುವಾಡಕ್ಕೆ ಬಿಗಿಯಾಗಿ ಕೂರದೆ, ಗಾಳಿಯ ಒತ್ತಡ ಏರಿ ಇಳಿದಂತೆಲ್ಲ ಹಿಂದಕ್ಕೂ ಮುಂದಕ್ಕೂ ಅಲುಗಿ, ರಾತ್ರಿಯೆಲ್ಲ ಲಟಲಟನೆ ಬಡಿಯುತ್ತಿರುತ್ತದೆ. ಓದಲು ಕುಳಿತ ಹುಡುಗನಿಗೂ, ನಿದ್ರೆ ಬಾರದ ವೃದ್ಧರಿಗೂ, ಜ್ವರದಿಂದ ಮಲಗಿದವರಿಗೂ ಅದರಿಂದಾಗುವ ಕಿರುಕುಳ ಅಲ್ಪವಾದುದಲ್ಲ. ಆದರೂ ನಾವು ಇದನ್ನು ಋತುಧರ್ಮವೆಂಬಂತೆ ಸಹಿಸಿಕೊಂಡು, ಸಂದಿಗೆ ಮಡಿಸಿದ ಕಾಗದವನ್ನೋ ಬಟ್ಟೆಯ ಚೂರನ್ನೋ ತುರುಕಿ ಸುಮ್ಮನಾಗುತ್ತೇವೆ. ನನಗೆ ತೋರುವ ಮಟ್ಟಿಗೆ, ನಮ್ಮ ಮನೆಗಳ ಬಾಗಿಲುಗಳಲ್ಲಿ ಕಾಣುವ ಸಡಿಲವು ಬಹುಮಟ್ಟಿಗೆ ಮರದ ವಯಸ್ಸಿನಿಂದ ಬಂದುದಲ್ಲ. ಕೀಲನ್ನು ನೋಡದೆ, ಕಾಲವನ್ನು ಗಮನಿಸದೆ, ಮಳೆಗಾಲದ ನಡುವೆ ನಾವೇ ಹತ್ತರಿ ಹೊಡೆಸಿ ಬರಮಾಡಿಕೊಂಡುದು.

ಅದು ಹೇಗೆಂಬುದನ್ನು ಅರಿಯಬೇಕಾದರೆ ಮರದ ಸ್ವಭಾವವನ್ನು ಸ್ವಲ್ಪ ವಿಚಾರಿಸಬೇಕು. ಕಡಿದು, ಕೊಯ್ದು, ಬಾಗಿಲಾಗಿ ನಿಲ್ಲಿಸಿದ ಮೇಲೂ ಮರವು ಸುತ್ತಣ ವಾಯುವಿನಿಂದ ತೇವವನ್ನು ಹೀರುವುದನ್ನೂ, ಒಣಹವೆಯಲ್ಲಿ ಅದನ್ನು ಹಿಂದಕ್ಕೆ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳು ಎಲ್ಲ ದಿಕ್ಕಿಗೂ ಸಮನಾಗಿ ಆಗತಕ್ಕವಲ್ಲ. ನಾರಿನ ಉದ್ದಕ್ಕೆ ಅವು ಇಲ್ಲವೆನ್ನುವಷ್ಟು ಅಲ್ಪ. ಅಡ್ಡಲಾಗಿ ಮಾತ್ರ ಗಣನೀಯ. ಮರಗಳಲ್ಲೆಲ್ಲ ಸ್ಥಿರಸ್ವಭಾವದ್ದೆಂದು ಹೆಸರಾದ ತೇಗವೂ ಹಸಿಯಿಂದ ಪೂರ್ತಿ ಒಣಗುವ ವೇಳೆಗೆ ತಿರುಳಿನಿಂದ ತೊಗಟೆಯ ಕಡೆಗೆ ಶೇ. 2.5ರಷ್ಟೂ, ವರ್ಷವಲಯಗಳ ಸುತ್ತಿನ ದಿಕ್ಕಿನಲ್ಲಿ ಶೇ. 5.8ರಷ್ಟೂ ಕುಗ್ಗುತ್ತದೆ. ಬಾಗಿಲಿನ ಎತ್ತರ ಋತುವಿನಿಂದ ಋತುವಿಗೆ ಬದಲಾಗದೆ ಅದರ ಅಗಲ ಮಾತ್ರ ಬದಲಾಗುವುದಕ್ಕೆ ಇದೇ ಕಾರಣ. ನಮ್ಮ ಹಿಂದಿನ ಬಡಗಿಗಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅಗಲವಾದ ಹಲಗೆಗಳನ್ನೇ ಜೋಡಿಸಿ ಕದ ಮಾಡಿದರೆ ಮಳೆಗಾಲದಲ್ಲಿ ಅದು ಅರ್ಧ ಬೆರಳಿನಷ್ಟು ಹಿಗ್ಗಬಹುದೆಂದು ತಿಳಿದು, ನಾಲ್ಕು ಅಂಗುಲದ ಪಟ್ಟಿಗಳಿಂದ ಚೌಕಟ್ಟು ಕಟ್ಟಿ, ನಡುವಣ ಹಲಗೆಯನ್ನು ಅಂಟು ಹಾಕದೆ ಗಾಡಿಯೊಳಗೆ, ಎಂದರೆ ಪಟ್ಟಿಗಳಲ್ಲಿ ಕೊರೆದ ತೋಡಿನೊಳಗೆ, ಬಿಡುವಾಗಿ ಕೂರಿಸುತ್ತಿದ್ದರು. ಹಲಗೆ ತನ್ನ ಪಾಡಿಗೆ ಹಿಗ್ಗಿ ಕುಗ್ಗಿದರೂ ಕದದ ಅಗಲ ಹೆಚ್ಚು ಕೆಡುತ್ತಿರಲಿಲ್ಲ. ಹಾಗೆ ಮಾಡಿದ ಒಳ್ಳೆಯ ಬಾಗಿಲಿನಲ್ಲೂ ಎರಡು ನಿಲುಪಟ್ಟಿಗಳ ಹಿಗ್ಗು ಒಂದೆರಡು ಮಿಲಿಮೀಟರಿನಷ್ಟು ಉಳಿದೇ ಉಳಿಯುತ್ತದೆ. ಬಡಗಿಗಳು ಕದಕ್ಕೂ ಬಾಗಿಲುವಾಡಕ್ಕೂ ನಡುವೆ ಬಿಡುವ ಸಂದು ಒಂದು ನೂಲು, ಎಂದರೆ ಅಂಗುಲದ ಎಂಟನೆಯ ಒಂದು ಭಾಗ. ಆ ಲೆಕ್ಕ ಸುಮ್ಮನೆ ಹುಟ್ಟಿದುದಲ್ಲ.

ಮರ ಎಷ್ಟು ತೇವ ಹೀರುತ್ತದೆಂಬುದು ಊರಿನ ಹವೆಯನ್ನೂ ಅವಲಂಬಿಸಿದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆಯಾದರೆ ಚಳ್ಳಕೆರೆಯಲ್ಲಿ ಅದರ ಹತ್ತನೆಯ ಒಂದು ಪಾಲೂ ಆಗುವುದಿಲ್ಲ. ಒಂದೇ ರಾಜ್ಯದೊಳಗಿನ ಈ ವೈವಿಧ್ಯವನ್ನು ನೆನೆದರೆ, ಎಲ್ಲಿಯೋ ಒಣಗಿಸಿದ ಮರದ ಬಾಗಿಲನ್ನು ಎಲ್ಲಿಯಾದರೂ ನಿಲ್ಲಿಸಬಹುದೆಂಬ ಇಂದಿನ ವ್ಯಾಪಾರದ ರೀತಿ ಎಷ್ಟು ಅವಿಚಾರಿತವಾದುದೆಂಬುದು ತಿಳಿಯುತ್ತದೆ. ಮರದ ತೇವಾಂಶವನ್ನು ಕುರಿತ ಭಾರತೀಯ ಮಾನಕ 287 ದೇಶವನ್ನು ಹವೆಯ ಆರ್ದ್ರತೆಗನುಸಾರವಾಗಿ ನಾಲ್ಕು ವಲಯಗಳಾಗಿ ವಿಂಗಡಿಸಿ, ಒಂದೊಂದು ವಲಯದ ಬಾಗಿಲಿನ ಮರದಲ್ಲಿ ಎಷ್ಟು ತೇವವಿರಬಹುದೆಂದು ಬೇರೆ ಬೇರೆಯಾಗಿಯೇ ವಿಧಿಸಿದೆ. ಕೊಳ್ಳುವವರಲ್ಲಿ ಇದನ್ನು ವಿಚಾರಿಸುವವರು ವಿರಳ.

ಈಗ ಶ್ರಾವಣದಲ್ಲಿ ನಡೆಯುವುದನ್ನು ನೋಡಿ. ಬಾಗಿಲು ಹಿಡಿಯುತ್ತದೆ, ಎಳೆದರೆ ಬಾರದು, ತಳ್ಳಿದರೆ ಕೂರದು. ಮನೆಯವರು ಬೇಸತ್ತು ಬಡಗಿಯನ್ನು ಕರೆಯುತ್ತಾರೆ. ಅವನು ಅವಸರದಲ್ಲಿ ಬಂದವನು, ಕದವನ್ನು ಕಳಚಿ, ಹಿಗ್ಗಿದಷ್ಟನ್ನೂ ತೆಗೆದು, ಮತ್ತೆ ದೂರು ಬಾರದಿರಲೆಂದು ಇನ್ನೊಂದು ನೂಲನ್ನೂ ಹತ್ತರಿಯಿಂದ ಸವರಿ ಕೊಟ್ಟು ಹೋಗುತ್ತಾನೆ. ಬಾಗಿಲು ಆ ದಿನ ಸರಾಗವಾಗಿ ಮುಚ್ಚುವುದರಿಂದ ಎಲ್ಲರಿಗೂ ಸಂತೋಷ. ಶಿವರಾತ್ರಿಯ ವೇಳೆಗೆ ಮರ ಒಣಗಿ ತನ್ನ ಅಳತೆಗೆ ಹಿಂದಿರುಗಿದಾಗ, ತೆಗೆದ ಮರ ಮಾತ್ರ ಹಿಂದಿರುಗಲಾರದು. ಒಂದು ನೂಲಿನ ಸಂದು ಮೂರು ನೂಲಾಗಿ, ಚಿಲಕದ ನಾಲಗೆ ತನ್ನ ಮನೆಯನ್ನು ಮುಟ್ಟಿಯೂ ಮುಟ್ಟದಂತಾಗುತ್ತದೆ. ಇದಕ್ಕಿಂತಲೂ ವಿಷಾದಕರವಾದ ಸಂಗತಿಯೆಂದರೆ, ಹತ್ತರಿ ಹಿಡಿದ ಅಂಚಿಗೆ ಯಾರೂ ಬಣ್ಣವನ್ನಾಗಲಿ ವಾರ್ನಿಷನ್ನಾಗಲಿ ಬಳಿಯದೆ ಬಿಡುವುದರಿಂದ, ಬೆತ್ತಲೆಯಾದ ಆ ಮರವು ಮುಂದಿನ ಮಳೆಯಲ್ಲಿ ಮೊದಲಿಗಿಂತಲೂ ಹೆಚ್ಚಾಗಿ ತೇವ ಕುಡಿದು ಮತ್ತೆ ಹಿಡಿಯುತ್ತದೆ, ಮತ್ತೆ ಹತ್ತರಿಗೆ ಒಳಗಾಗುತ್ತದೆ. ಫ್ಲಷ್ ಬಾಗಿಲುಗಳಿಗಂತೂ ಇದು ಮಾರಕ. ಅವುಗಳ ಅಂಚಿಗೆ ಹಾಕಿರುವ ಮರದ ಪಟ್ಟಿಯೇ ತೆಳ್ಳಗಿನದು. ಎರಡು ಬಾರಿ ಹತ್ತರಿ ಆಡಿದರೆ ಒಳಗಿನ ತುಂಡುಮರ ಹೊರಗೆ ಕಾಣುತ್ತದೆ.

ಹಿಡಿಯುವ ಬಾಗಿಲೆಲ್ಲ ಹಿಗ್ಗಿದ ಬಾಗಿಲೆಂದು ಭಾವಿಸುವುದೇ ಮೂಲಪ್ರಮಾದ. ಕದದ ಭಾರವನ್ನೆಲ್ಲ ಹೊತ್ತು ನಿಂತಿರುವುದು ಕೀಲುಗಳು. ಅವುಗಳಲ್ಲಿಯೂ ಮೇಲಣ ಕೀಲು ಸದಾ ಹೊರಕ್ಕೆ ಎಳೆಯಲ್ಪಡುತ್ತಿರುತ್ತದೆ. ಅದರ ಸ್ಕ್ರೂಗಳು ಕೂದಲೆಳೆಯಷ್ಟು ಸಡಿಲವಾದರೂ ಕದವು ಚಿಲಕದ ಕಡೆಗೆ ವಾಲಿ, ಕೆಳಮೂಲೆ ನೆಲಕ್ಕೆ ಉಜ್ಜುತ್ತದೆ, ಮೇಲ್ಮೂಲೆ ಬಾಗಿಲುವಾಡಕ್ಕೆ ತಾಗುತ್ತದೆ. ಬಾಗಿಲನ್ನು ಮುಚ್ಚಿ ದೂರ ನಿಂತು ಸುತ್ತಣ ಸಂದನ್ನು ನೋಡಿದರೆ ರೋಗನಿರ್ಣಯ ಕಷ್ಟವೇನೂ ಅಲ್ಲ: ಕೀಲಿನ ಕಡೆ ಮೇಲ್ಭಾಗದಲ್ಲಿ ಸಂದು ಅಗಲವಾಗಿದ್ದು ಕೆಳಗೆ ಬಂದಂತೆ ಕಿರಿದಾಗಿದ್ದರೆ, ಮರಕ್ಕೆ ಯಾವ ದೋಷವೂ ಇಲ್ಲ, ಕೀಲು ಸಡಿಲವಾಗಿದೆ ಎಂದೇ ಅರ್ಥ. ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಕಿರಿದಾಗಿದ್ದರೆ ಆಗ ಹಿಗ್ಗಿನ ಮಾತನ್ನಾಡಬಹುದು. ಎಲ್ಲಿ ತಾಗುತ್ತದೆಂಬುದು ಕಣ್ಣಿಗೆ ತಿಳಿಯದಿದ್ದಲ್ಲಿ ಕದದ ಅಂಚಿಗೆ ಸೀಮೆಸುಣ್ಣ ಉಜ್ಜಿ ಮುಚ್ಚಿ ತೆರೆದರೆ ಬಾಗಿಲುವಾಡದ ಮೇಲೆ ಬಿದ್ದ ಗುರುತೇ ಅದನ್ನು ತೋರಿಸುತ್ತದೆ.

ಸಡಿಲವಾದ ಸ್ಕ್ರೂವನ್ನು ಬಿಗಿಮಾಡಲು ಹೋದಾಗ ಅದು ಹಿಡಿತ ಸಿಗದೆ ಸುಮ್ಮನೆ ಸುತ್ತುತ್ತಿದ್ದರೆ, ರಂಧ್ರದೊಳಗಿನ ನಾರು ಸವೆದುಹೋಗಿದೆಯೆಂದು ತಿಳಿಯಬೇಕು. ಇದಕ್ಕೆ ಹೊಸ ಬಾಗಿಲು ಬೇಕಿಲ್ಲ, ಹೊಸ ಕೀಲೂ ಬೇಕಿಲ್ಲ. ಕದದ ಕೆಳಗೆ ತೆಳುವಾದ ಬೆಣೆ ಕೊಟ್ಟು ಅದನ್ನು ತನ್ನ ಎತ್ತರಕ್ಕೆ ನಿಲ್ಲಿಸಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಬಿದಿರನ್ನು ಸೀಳಿ ಮಾಡಿದ ಕಡ್ಡಿಗಳಿಗೆ ಬಡಗಿಯ ಬಿಳಿಯ ಅಂಟನ್ನು ಹಚ್ಚಿ ರಂಧ್ರ ತುಂಬುವಂತೆ ಹೊಡೆದು, ಒಂದು ರಾತ್ರಿ ಒಣಗಲು ಬಿಟ್ಟು, ಹೊರಚಾಚಿದ ತುದಿಗಳನ್ನು ಉಳಿಯಿಂದ ಸವರಿ, ಅದೇ ಸ್ಕ್ರೂವನ್ನೋ ಅದಕ್ಕಿಂತ ಅರ್ಧ ಅಂಗುಲ ಉದ್ದನೆಯದನ್ನೋ ತಿರುಗಿಸಿದರೆ ಕೀಲು ಹೊಸದರಂತೆ ಕಚ್ಚಿಕೊಳ್ಳುತ್ತದೆ. ಕರಾವಳಿಯವರು ಕಬ್ಬಿಣದ ಸ್ಕ್ರೂಗಳನ್ನು ಬಿಟ್ಟು ಹಿತ್ತಾಳೆಯವನ್ನೋ ತುಕ್ಕು ಹಿಡಿಯದ ಉಕ್ಕಿನವನ್ನೋ ಹಾಕಿಸುವುದು ಲೇಸು. ಉಪ್ಪುಗಾಳಿಗೆ ಕಬ್ಬಿಣ ತುಕ್ಕಾಗಿ ತಾನೂ ಕೆಟ್ಟು ಸುತ್ತಲಿನ ಮರವನ್ನೂ ಕೆಡಿಸುತ್ತದೆ.

ಈ ಕ್ರಮವನ್ನು ತಪ್ಪಿಸಿ ನಾವು ಮಾಡುವ ಇನ್ನೊಂದು ಕೆಲಸವುಂಟು. ಕದ ಜಗ್ಗಿದುದರಿಂದ ಚಿಲಕದ ನಾಲಗೆ ತೂತಿಗೆ ಎದುರಾಗದಿದ್ದಾಗ, ಕದವನ್ನು ಎತ್ತಿ ಸರಿಪಡಿಸುವ ಬದಲು, ಅರದಿಂದ ಉಜ್ಜಿ ತೂತನ್ನೇ ದೊಡ್ಡದು ಮಾಡುತ್ತೇವೆ. ಚಿಲಕ ಬೀಳುತ್ತದೆ, ನಿಜ. ಆದರೆ ಬೆರಳು ಗಾತ್ರದ ಸರಳಿಗೆ ಹೆಬ್ಬೆರಳು ಹಿಡಿಸುವ ತೂತಾದ ಮೇಲೆ ಕದವು ಅಷ್ಟು ದೂರ ಅಲುಗದೆ ಇನ್ನೇನು ಮಾಡೀತು? ಆದುದರಿಂದ ಕೀಲನ್ನು ಸರಿಮಾಡಿದ ಬಳಿಕವೇ ಚಿಲಕದ ಪಟ್ಟಿಯ ಕಡೆಗೆ ಗಮನ ಕೊಡತಕ್ಕದ್ದು. ಕದ ಬಂದು ತಾಗಿ ನಿಲ್ಲಲೆಂದು ಬಾಗಿಲುವಾಡದಲ್ಲಿ ಕೊರೆದ ಅಂಚಿಗೂ ಕದಕ್ಕೂ ನಡುವೆ ಎಡೆ ಉಳಿದಿದ್ದರೆ ಬಡಿತ ಅಲ್ಲಿಂದಲೇ ಹುಟ್ಟುತ್ತದೆ. ಒಂದು ಹಾಳೆಯನ್ನು ನಡುವೆ ಇರಿಸಿ ಬಾಗಿಲು ಮುಚ್ಚಿ ಎಳೆಯಿರಿ. ಹಾಳೆ ಬಿಗಿಯಾಗಿ ಬಂದಲ್ಲಿ ಕದ ಕೂತಿದೆ, ಸರಕ್ಕನೆ ಬಂದಲ್ಲಿ ಕೂತಿಲ್ಲ. ಎಡೆ ಉದ್ದಕ್ಕೂ ಸಮನಾಗಿದ್ದರೆ ಚಿಲಕದ ಪಟ್ಟಿಯನ್ನು ಬಿಚ್ಚಿ, ಹಳೆಯ ರಂಧ್ರಗಳನ್ನು ಕಡ್ಡಿಯಿಂದ ಮುಚ್ಚಿ, ಅಂಚಿನ ಕಡೆಗೆ ಬೇಕಾದಷ್ಟೇ ಸರಿಸಿ ಕೂರಿಸಬೇಕು. ಮೇಲೆ ಮಾತ್ರವೋ ಕೆಳಗೆ ಮಾತ್ರವೋ ಎಡೆಯಿದ್ದರೆ ಕದ ಸೊಟ್ಟಾಗಿದೆಯೆಂದು ತಿಳಿದು, ಅಷ್ಟು ಭಾಗಕ್ಕೆ ರಬ್ಬರಿನ ಪಟ್ಟಿಯನ್ನೋ ದಪ್ಪನೆಯ ಉಣ್ಣೆಯ ಬಟ್ಟೆಯನ್ನೋ ಅಂಟಿಸುವುದೇ ಉಚಿತ. ಪಟ್ಟಿಯ ದಪ್ಪ ಎಡೆಗಿಂತ ಹೆಚ್ಚಾದರೆ ದಿನವೂ ಬಲವಂತವಾಗಿ ತಳ್ಳಬೇಕಾಗಿ, ಆ ಒತ್ತಡವೇ ಮತ್ತೆ ಕೀಲನ್ನು ಕೀಳುತ್ತದೆ. ಮುಚ್ಚಿದ ಬಾಗಿಲು ತಾನಾಗಿಯೇ ಹಿಂದಕ್ಕೆ ಚಿಮ್ಮುತ್ತಿದ್ದರೆ ಕೀಲು ಮರದೊಳಗೆ ಅತಿಯಾಗಿ ಹುದುಗಿದೆಯೆಂದು ತಿಳಿದು, ಅದರಡಿಯಲ್ಲಿ ರಟ್ಟಿನ ಚೂರೊಂದನ್ನು ಇಟ್ಟು ಬಿಗಿದರೆ ಸಾಕು. ಹತ್ತರಿಯ ಸರದಿ ಇವೆಲ್ಲ ಆದ ಮೇಲೆ. ಆಗಲೂ ತಾಗುವಲ್ಲಿ ಮಾತ್ರ, ತಾಗುವಷ್ಟನ್ನು ಮಾತ್ರ ತೆಗೆದು, ಒಣಹವೆ ಬಂದೊಡನೆ ಆ ಅಂಚಿಗೆ ಬಣ್ಣ ಹಚ್ಚಬೇಕು.

ಬಣ್ಣದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕದದ ಎರಡು ಮುಖಗಳಿಗೆ ಮೂರು ಸಲ ಬಳಿಯುವವರೂ ಅದರ ನೆತ್ತಿಗೂ ಅಡಿಗೂ ಒಮ್ಮೆಯಾದರೂ ಬಳಿಯುವುದಿಲ್ಲ, ಅವು ಕಣ್ಣಿಗೆ ಬೀಳುವುದಿಲ್ಲವಾದ ಕಾರಣ. ಆದರೆ ನಿಲುಪಟ್ಟಿಗಳ ನಾರಿನ ಬಾಯಿಗಳೆಲ್ಲ ತೆರೆದುಕೊಂಡಿರುವುದು ಅಲ್ಲಿಯೇ; ಮರವು ಮೈಯಿಂದ ಹೀರುವುದಕ್ಕಿಂತ ಎಷ್ಟೋ ವೇಗವಾಗಿ ಆ ತುದಿಗಳಿಂದ ನೀರನ್ನು ಹೀರುತ್ತದೆ. ಬಚ್ಚಲಮನೆಯ ಬಾಗಿಲು ಬುಡದಿಂದಲೇ ಕೊಳೆಯುವುದು ಇದರಿಂದಾಗಿ. ಯುಗಾದಿಗೆ ಸುಣ್ಣಬಣ್ಣ ಮಾಡಿಸುವ ಸಂಪ್ರದಾಯ ನಮ್ಮಲ್ಲಿ ಇನ್ನೂ ಉಳಿದಿದೆ. ಮರ ಅತ್ಯಂತ ಒಣಗಿರುವ ಕಾಲವೂ ಅದೇ ಆಗಿರುವುದರಿಂದ, ಆಗಲೇ ಕದಗಳನ್ನು ಇಳಿಸಿ ಈ ಎರಡು ಅಂಚುಗಳನ್ನು ಮುಚ್ಚಿಬಿಟ್ಟರೆ ಶ್ರಾವಣದ ಹಿಗ್ಗು ತಗ್ಗುತ್ತದೆ. ಒಂದು ಮನೆಯ ಇಂಥ ಸಣ್ಣ ಕೆಲಸಕ್ಕೆ ಬಡಗಿಗಳು ಬರುವುದಿಲ್ಲವೆಂಬ ದೂರು ಸುಳ್ಳಲ್ಲ. ಅರ್ಧ ದಿನದ ಕೂಲಿಗಾಗಿ ಪೂರ್ತಿ ದಿನವನ್ನು ಕಳೆದುಕೊಳ್ಳುವುದು ಅವರಿಗೆ ಹೇಗೆ ಒದಗೀತು? ಬೀದಿಯ ನಾಲ್ಕಾರು ಮನೆಯವರು ಕೂಡಿ ಒಬ್ಬನನ್ನು ಒಂದು ದಿನಕ್ಕೆ ಗೊತ್ತುಮಾಡಿ ಪೂರ್ಣ ಕೂಲಿ ಕೊಟ್ಟರೆ ಇಬ್ಬರಿಗೂ ನ್ಯಾಯವಾಗುತ್ತದೆ.

ಮನೆಯ ಬಾಗಿಲು ಬಡಿದರೆ ನಿದ್ರೆ ಕೆಡುತ್ತದೆ, ಅಷ್ಟೆ. ಶಾಲೆಯ ಶೌಚಾಲಯದ ಬಾಗಿಲು ಮುಚ್ಚದಿದ್ದರೆ ಹೆಣ್ಣುಮಗುವೊಂದು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುತ್ತದೆ, ಇಲ್ಲವೆ ಗೆಳತಿಯೊಬ್ಬಳನ್ನು ಹೊರಗೆ ಕದ ಹಿಡಿದು ನಿಲ್ಲಿಸಿ ಸಂಕೋಚದಿಂದ ಕುಗ್ಗುತ್ತದೆ. ಕಟ್ಟಡವಿದೆ, ಬಾಗಿಲಿದೆ, ಚಿಲಕವೂ ಇದೆ; ಕದ ಜಗ್ಗಿ ಚಿಲಕ ತೂತಿಗೆ ಬೀಳದೆ ಇರುವುದರಿಂದ ಅಷ್ಟೂ ವ್ಯರ್ಥವಾಗಿರುವ ದೃಶ್ಯ ನಮ್ಮ ಊರುಗಳಲ್ಲಿ ಅಪರೂಪವಲ್ಲ. ಹೊಸ ಕಟ್ಟಡಕ್ಕೆ ಅನುದಾನ ಬರಲೆಂದು ವರ್ಷಗಟ್ಟಲೆ ಕಾಯುವ ಶಾಲಾಭಿವೃದ್ಧಿ ಸಮಿತಿಗಳು ಈ ಕೆಲಸಕ್ಕೆ ಯಾರನ್ನೂ ಕಾಯಬೇಕಾಗಿಲ್ಲ. ಬೇಸಿಗೆಯ ರಜೆ ಮುಗಿಯುವ ಮುನ್ನ ಸದಸ್ಯರಲ್ಲಿ ಇಬ್ಬರು ಒಂದು ಸ್ಕ್ರೂಡ್ರೈವರು, ಒಂದು ಹಿಡಿ ಸ್ಕ್ರೂ, ಒಂದು ಡಬ್ಬಿ ಅಂಟು, ನಾಲ್ಕು ಬಿದಿರುಕಡ್ಡಿಗಳನ್ನು ಹಿಡಿದು ಹೋಗಿ, ಪ್ರತಿಯೊಂದು ಶೌಚಾಲಯದೊಳಗೂ ತಾವೇ ನಿಂತು ಒಳಗಿನಿಂದ ಚಿಲಕ ಹಾಕಿ ನೋಡಲಿ. ಹತ್ತು ವರ್ಷದ ಹುಡುಗಿಯ ಕೈಗೆ ಎಟುಕುವಂತೆ, ಅವಳ ಬಲಕ್ಕೆ ಬೀಳುವಂತೆ ಅದು ಇದೆಯೆ ಎಂಬುದನ್ನೂ ಪರೀಕ್ಷಿಸಲಿ. ಬೀಳದ ಚಿಲಕಗಳನ್ನು ಶಾಲೆ ತೆರೆಯುವ ದಿನಕ್ಕೆ ಮೊದಲೇ ಸರಿಪಡಿಸಿಡುವುದು ಅವರಿಂದ ಆಗದ ಕೆಲಸವಲ್ಲ.