ಕೇಳಿದ ಮಾತು, ಬಿಡಿಸಿದ ನಕ್ಷೆ

ಯಂತ್ರವಿನ್ಯಾಸ ಕಲಿಯುತ್ತಿರುವ ಕೆಲವು ತರುಣರು ಈಚೆಗೆ ನವಲಗುಂದದ ಕಡೆಯ ಹೊಲಗಳಲ್ಲಿ ರೈತರನ್ನು ವಿಚಾರಿಸಿ ಹಾಳೆಗಟ್ಟಲೆ ಬರೆದುಕೊಂಡುದನ್ನು ನಾವು ಕಂಡೆವು. ಎರೆಮಣ್ಣು ಹಸಿಯಿದ್ದರೆ ಬೀಜ ಬೀಳುವ ಕೊಳವೆ ಕಟ್ಟಿಕೊಳ್ಳುವುದೆಂದು ತಾಯಿಯೊಬ್ಬರು ಹೇಳಿದುದೂ ಅದರಲ್ಲಿತ್ತು. ಆದರೆ ಕೂರಿಗೆಯ ನಕ್ಷೆ ಮೊದಲೇ ಸಿದ್ಧವಾಗಿತ್ತು. ಅದಕ್ಕೆ ಒಪ್ಪುವ ಉತ್ತರಗಳನ್ನಷ್ಟೇ ಆರಿಸಿಕೊಂಡರು. ಕಪಟವಲ್ಲ, ಎಳೆಯರ ಆತುರ. ನಮ್ಮ ಮನೆಯ ಮಕ್ಕಳೂ ಇದನ್ನೇ ಮಾಡುವರು.

ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆಬೀಜ ಬಿಡಿಸುವ ಯಂತ್ರವನ್ನೂ, ಬೀಜ-ಗೊಬ್ಬರ ಬಿತ್ತುವ ಕೂರಿಗೆಯನ್ನೂ ರೂಪಿಸಿದರು. 2022ರಲ್ಲಿ ಪದ್ಮಶ್ರೀ ಪಡೆದರು. ಅವರು ತಾವೇ ರೈತರು. ಹೊಲದ ತೊಡಕು ಅವರಿಗೆ ಹಾಳೆಯ ಮೇಲಿನ ಉತ್ತರವಾಗಿರಲಿಲ್ಲ.

ಮಾದರಿಯನ್ನು ಆ ತಾಯಿಯ ಹೊಲದಲ್ಲಿಯೇ, ಹಸಿಮಣ್ಣಿನಲ್ಲಿ, ನಡೆಸಿ ನೋಡಿರೆಂದು ತರುಣರಿಗೆ ಬಿನ್ನವಿಸಿದೆವು. ಹಿಂಗಾರಿ ಬಿತ್ತಿಗೆಗೆ ಬರುವೆವೆಂದಿದ್ದಾರೆ. ಅವರಿಗೂ ಹೇಳಿ ಕಳುಹಿಸಿದ್ದೇವೆ.