ನಾಪತ್ತೆ ಎಂದು ಬರೆದರೆ ಮುಗಿಯಿತೇ?

2025ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಸಿನಿಮಾ ಬಂದಾಗ ಪುಣೆಯ ವಾಕಡದ ಕನ್ನಡಿಗರು ಮನೆಮಂದಿಯೆಲ್ಲ ಹೋಗಿ ನೋಡಿದೆವು, ಕಣ್ಣೊರೆಸಿಕೊಂಡೆವು, ಸ್ಟೇಟಸ್ ಹಾಕಿದೆವು. ಅದೇ ವರ್ಷದ ಸೆಪ್ಟೆಂಬರ್ 7 ಬಂತು, ಹೋಯಿತು. ಆ ಸಿನಿಮಾಕ್ಕೆ ಪ್ರೇರಣೆಯಾದ ಯೋಧನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ.

ಆ ಹೆಸರು ಅಜ್ಜಮಾಡ ಬೋಪಯ್ಯ ದೇವಯ್ಯ. ಕೊಡಗಿನವರು. 1965ರ ಆ ದಿನ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ನಮ್ಮ ವಾಯುಪಡೆಯ ಮಿಸ್ಟೇರ್ ವಿಮಾನಗಳಲ್ಲಿ ಅವರದು ಮರಳಲಿಲ್ಲ. ಆಗ ಅವರಿಗೆ 32 ವರ್ಷ. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಪಾಕಿಸ್ತಾನದ ಸ್ಟಾರ್‌ಫೈಟರ್ ಬೆನ್ನಟ್ಟಿ ಗುಂಡು ಹೊಡೆದಿತ್ತು. ಪೆಟ್ಟು ತಿಂದ ಹಳೆಯ ವಿಮಾನವನ್ನೇ ತಿರುಗಿಸಿ ದೇವಯ್ಯ ಅದನ್ನು ಉರುಳಿಸಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಬದುಕಿಕೊಂಡ. ನಮ್ಮವರು ಮಡಿದರು.

ಇಲ್ಲಿ ಕಾಗದದ ಮೇಲೆ ಅವರು ನಾಪತ್ತೆ, ಅಷ್ಟೆ. ಸಂಗತಿ ಬಯಲಾಗಲು 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪುಸ್ತಕ ಬರೆಯಬೇಕಾಯಿತು. ಆಮೇಲೂ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ! ನಮ್ಮ ಯೋಧನ ಪರಾಕ್ರಮವನ್ನು ಹೊರಗಿನವನೊಬ್ಬ ಹೇಳುವವರೆಗೆ ಕೈಕಟ್ಟಿ ಕೂತದ್ದು ನಾಚಿಕೆಗೇಡು.

ಸರ್ಕಾರವನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಕೇಳುವವರಿಲ್ಲದಿದ್ದರೆ ಕಡತ ತಾನಾಗಿ ಅಲುಗುವುದಿಲ್ಲ. 1971ರ ಡಿಸೆಂಬರ್ 5ರಂದು ವಿಮಾನದೊಂದಿಗೆ ಶತ್ರುನೆಲದಲ್ಲಿ ಬಿದ್ದ ವಾಯುಪಡೆಯ ಪೈಲಟ್ ವಿಜಯ್ ತಾಂಬೆಯ ಪತ್ನಿ, ಬ್ಯಾಡ್ಮಿಂಟನ್ ಚಾಂಪಿಯನ್ ದಮಯಂತಿ, ದಶಕಗಟ್ಟಲೆ ಕಚೇರಿಗಳ ಮೆಟ್ಟಿಲು ಹತ್ತಿಳಿದರು. 2007ರಲ್ಲಿ ಗಂಡನನ್ನು ಹುಡುಕುತ್ತ ಪಾಕಿಸ್ತಾನದ ಜೈಲುಗಳಿಗೂ ಹೋಗಿಬಂದರು. ಪಾಕಿಸ್ತಾನದ ವಶದಲ್ಲಿರಬಹುದಾದ ನಾಪತ್ತೆಯಾದ ಯೋಧರು 83 ಮಂದಿ ಎಂದು ಸರ್ಕಾರವೇ 2019ರಲ್ಲಿ ಸಂಸತ್ತಿಗೆ ಹೇಳಿತು. ಆ ಮನೆಗಳವರು ಒಂಟಿಯಾಗಿ ಅಲೆಯುವಾಗ ನಾವೆಲ್ಲಿದ್ದೆವು?

“ನಮ್ಮ ಕೈಲೇನಾಗುತ್ತೆ” ಅನ್ನುವ ಮಾತು ಬೇಡ. ಘೋರ್ಪಡಿಯ ಯುದ್ಧ ಸ್ಮಾರಕ ಎದ್ದದ್ದು ಪುಣೆಯ ನಾಗರಿಕರ ದೇಣಿಗೆಯಿಂದ. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಪೆಂಡಾಲು, ಆರ್ಕೆಸ್ಟ್ರಾ, ಊಟ ಎಲ್ಲಕ್ಕೂ ಚಂದಾ ಎತ್ತುವ ನಮಗೆ ಸೆಪ್ಟೆಂಬರ್ 7ರ ಒಂದು ಸಂಜೆ ಇಲ್ಲವೇ? ಸೊಸೈಟಿಯ ಹಾಲ್‌ನಲ್ಲಿ ಮಕ್ಕಳನ್ನು ಕೂರಿಸಿ, ಸರ್ಗೋಧಾದ ನಕ್ಷೆ ತೋರಿಸಿ, ದೇವಯ್ಯ ಏನು ಮಾಡಿದರೆಂದು ಹೇಳಿ. ಆ 83 ಮಂದಿಯ ವಿಷಯ ಎಲ್ಲಿಗೆ ಬಂತೆಂದು ಅದೇ ಸಂಜೆ ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ಮರುತಿಂಗಳು ಮತ್ತೆ ಬರೆಯಿರಿ.